ಮದುವೆಗೆ ಅಂಗಡಿಯ ಕಾರ್ಡೋ, ಬ್ಯಾಂಕಿನ ಕಾರ್ಡೋ, ಮುಯ್ಯಿಯ ಲಕೋಟೆಯೋ?

ಹೊಸನಗರದ ಕಡೆಯ ನವದಂಪತಿಗೆ ಏನು ಕೊಡಬೇಕೆಂಬುದು ಅವರು ಶಿವಮೊಗ್ಗ ಪೇಟೆಗೆ ಎಷ್ಟು ಬರುತ್ತಾರೆಂಬುದನ್ನು ಅವಲಂಬಿಸಿದೆ. ಅಂಗಡಿಯ ಗಿಫ್ಟ್ ಕಾರ್ಡಿಗೆ ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕವಿರುವುದಿಲ್ಲ. ಆದರೆ ಅದು ಆ ಅಂಗಡಿಯವರಲ್ಲಿ ಮಾತ್ರ ನಡೆಯುತ್ತದೆ, ಅವರು ಬಾಗಿಲು ಹಾಕಿದರೆ ಹಣ ಹೋದಂತೆಯೇ. ಬ್ಯಾಂಕಿನ ಗಿಫ್ಟ್ ಕಾರ್ಡು ಹಲವೆಡೆ ನಡೆಯುತ್ತದೆಯಾದರೂ ಶುಲ್ಕ ಬೀಳಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಅದರ ಮಿತಿ 10,000 ರೂಪಾಯಿ, ಅದಕ್ಕೆ ಮತ್ತೆ ಹಣ ತುಂಬುವಂತಿಲ್ಲ, ಅದರಿಂದ ನಗದು ತೆಗೆಯುವಂತೆಯೂ ಇಲ್ಲ.

ಶಿವಮೊಗ್ಗದ ದುರ್ಗಿಗುಡಿ ಪೇಟೆಯಲ್ಲೇ ಬಟ್ಟೆಬರೆ ಕೊಳ್ಳುವವರಿಗೆ ಮೊದಲನೆಯದು, ಕೆಲಸಕ್ಕೆಂದು ಬೆಂಗಳೂರು ಸೇರುವವರಿಗೆ ಎರಡನೆಯದು ಒಪ್ಪುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುವ ಊರಿನವರಿಗೆ ನಗದು ಹಾಕಿದ ಲಕೋಟೆಯೇ ಸಲೀಸು (ಮುಯ್ಯಿ ಬರೆದುಕೊಳ್ಳುವವರಿಗೂ ಅನುಕೂಲವೇ). ಕಾರ್ಡು ಕೊಳ್ಳುವುದಾದರೆ, ಹಿಂಬದಿಯಲ್ಲಿ ಪಿನ್ ಮುಚ್ಚಿರುವ ಪಟ್ಟಿ ಕೆರೆದಿಲ್ಲವೆಂದು ನೋಡಿ, ಅವಧಿ ಮುಗಿಯುವ ದಿನಾಂಕವನ್ನು ಲಕೋಟೆಯ ಮೇಲೆ ಬರೆದು, ಬಿಲ್ಲಿನ ಸಮೇತ ಕೊಡಿ.