ಹಳೆ ಆಸ್ಪತ್ರೆ ಕಟ್ಟಡ: ಗ್ರಂಥಾಲಯವೋ, ಮ್ಯೂಸಿಯಮ್ಮೋ?

ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು, ಉದ್ದ ಜಗಲಿ. ಮಂಗಳೂರು, ಉಡುಪಿ ಕಡೆ ಇಂಥ ಹಳೆ ಆಸ್ಪತ್ರೆ ಕಟ್ಟಡ ಉಳಿಸಲು ಹೊರಟವರು ಮೊದಲು ನೋಡಬೇಕಾದ್ದು ನೆಲದ ತಾಕತ್ತು.

ಈಗಿನ ಮಾನದಂಡದಲ್ಲಿ ವಾರ್ಡಿನ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಲೆಕ್ಕ ಹಿಡಿಯುತ್ತಾರೆ. ಪುಸ್ತಕದ ಕಪಾಟು ತುಂಬಿದ ಕೋಣೆಗೆ 600 ಕೆಜಿ. ಮರದ ತೊಲೆಯ ಮೇಲಂತಸ್ತಿಗೆ ಇದು ಜಾಸ್ತಿಯೇ ಆಯ್ತು. ಹಾಗಾಗಿ ಗ್ರಂಥಾಲಯವಾದರೆ ಕಪಾಟೆಲ್ಲ ಕೆಳಗಿರಲಿ, ಓದುವ ಮೇಜು ಮಾತ್ರ ಮೇಲೆ. ಎರಡೂ ಬದಿ ಕಿಟಕಿ, ಅಡ್ಡ ಗಾಳಿ, ಒಳ್ಳೆ ಬೆಳಕು. ರೋಗಿಗಳಿಗೆಂದು ಮಾಡಿದ್ದು ಓದುಗರಿಗೂ ಹೇಳಿ ಮಾಡಿಸಿದ ಹಾಗಿದೆ.

ಮ್ಯೂಸಿಯಂಗೆ ಅದೇ ಬೆಳಕು ತೊಂದರೆ. ಹಳೆ ಕಾಗದ, ಬಟ್ಟೆ ಬಣ್ಣಗೆಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗೆ ಬೂಷ್ಟು ಹಿಡಿಯುವುದು ಗೊತ್ತಿದ್ದದ್ದೇ ಅಲ್ವಾ? ತೇವ ಹೀರುವ ಯಂತ್ರ, ಕರೆಂಟ್ ಬಿಲ್ಲು, ನೋಡಿಕೊಳ್ಳುವ ಜನ ಎಲ್ಲ ಬೇಕು. ಆದರೆ ಹೊರಊರಿನವರನ್ನು ಕರೆತರುವ ಶಕ್ತಿ ಮ್ಯೂಸಿಯಂಗೇ ಹೆಚ್ಚು.

ನನ್ನ ಆಯ್ಕೆ ಗ್ರಂಥಾಲಯ. ಊರಿನ ಮಕ್ಕಳು ದಿನಾ ಬರುತ್ತಾರೆ. ಒಂದು ಕೋಣೆಯಲ್ಲಿ ಆಸ್ಪತ್ರೆಯ ಹಳೆ ಮಂಚ, ಉಪಕರಣ ಇಡಿ. ರೋಗಿಗಳ ಹೆಸರಿರುವ ರಿಜಿಸ್ಟರ್ ಮಾತ್ರ ದಯವಿಟ್ಟು ಬೇಡ.

ಯಾವುದೇ ಮಾಡಿ, ಗೋಡೆಗೆ ಸಿಮೆಂಟ್ ಬಳಿಯಬೇಡಿ. ತೇವ ಒಳಗೇ ಉಳಿಯುತ್ತದೆ, ಸುಣ್ಣದ ಗಾರೆಯೇ ಸರಿ. ಲಿಫ್ಟ್ ಬೇಕಿದ್ದರೆ ಹೊರಗೆ ಕಟ್ಟಿಸಿ. ಮ್ಯಾಡ್ರಿಡ್‌ನ ಹಳೆ ಆಸ್ಪತ್ರೆ ರೈನಾ ಸೋಫಿಯಾ ಮ್ಯೂಸಿಯಂ ಆದಾಗ ಗಾಜಿನ ಲಿಫ್ಟುಗಳನ್ನು ಗೋಡೆಯ ಹೊರಗೇ ನಿಲ್ಲಿಸಿದರು.