ಸ್ಟೈಲೋ ಮೇವಿನ ಬೀಜ: ಬೀಜಕ್ಕೆ ನಾಲ್ಕು ಸ್ಟಾರ್, ಪ್ಯಾಕೆಟ್ಟಿಗೆ ಒಂದು

ಹಿರಿಯೂರು ಕಡೆಯ ಕೆಂಪು ಮರಳು ನೆಲ ನಮ್ಮದು. ನೀರಾವರಿ ಇಲ್ಲ. ಅಂಜನ್ ಹುಲ್ಲಿನ ಬೀಳಿನಲ್ಲಿ ಹಳ್ಳಿಕಾರ್ ಕರುಗಳು, ಒಂದಿಷ್ಟು ಕುರಿ ಮೇಯುತ್ತವೆ. ಹುಲ್ಲು ಸೊರಗಿತು ಅಂದರೆ ಯೂರಿಯಾ ಎರಚುವುದು ಅಪ್ಪನ ಕಾಲದ ರೂಢಿ. ಅದನ್ನು ಬಿಟ್ಟು ಹಮಾಟಾ ಸ್ಟೈಲೋ, ಅಂದರೆ ಗಾಳಿಯ ಸಾರಜನಕ ಹಿಡಿಯುವ ದ್ವಿದಳ ಮೇವಿನ ಗಿಡ, ಹಾಕಿದೆ. ಎರಡನೇ ಮುಂಗಾರು ಮುಗಿದಿದೆ, ಈಗ ಬರೆಯಬಹುದು.

ಯೂರಿಯಾ ಅಗ್ಗ, ಸುಳ್ಳು ಹೇಳಬಾರದು. 45 ಕೆಜಿ ಮೂಟೆ ಸಬ್ಸಿಡಿಯಲ್ಲಿ 266 ರೂಪಾಯಿ ಚಿಲ್ಲರೆ, ಒಳಗೆ ಸುಮಾರು 20 ಕೆಜಿ ಸಾರಜನಕ. ಹದ ಮಳೆ ಬಿದ್ದರೆ ಹುಲ್ಲು ಬೇಗ ಕಡುಹಸಿರಾಗುತ್ತದೆ. ಮಳೆ ಕೈಕೊಟ್ಟರೆ ಅರ್ಧ ದುಡ್ಡು ಅಮೋನಿಯಾ ಆಗಿ ಗಾಳಿಗೆ. ನಮ್ಮಲ್ಲಿ ಕೈಕೊಡುವುದೇ ಜಾಸ್ತಿ ಅಲ್ವಾ! ಮೇಲಾಗಿ ಎರಚಿದ ಹೊಲಕ್ಕೆ ತಕ್ಷಣ ದನ ಬಿಡುವ ಹಾಗಿಲ್ಲ. ಕಾಳು ನೆಕ್ಕಿದರೆ ವಿಷ.

ಸ್ಟೈಲೋ ಬೀಜದ ತುದಿಯಲ್ಲಿ ಸಣ್ಣ ಕೊಕ್ಕೆ ಇರುತ್ತದೆ. ಒಂದಕ್ಕೊಂದು ಸಿಕ್ಕಿಕೊಂಡು ಕೈಯಿಂದ ಉದುರುವುದೇ ಇಲ್ಲ. ಒಣ ಮರಳು ಬೆರೆಸಿ ಎರಚಬೇಕು. ಸಿಪ್ಪೆಯೂ ಗಟ್ಟಿ. ಕುದಿ ಇಳಿದ, 80 ಡಿಗ್ರಿ ಆಸುಪಾಸಿನ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಪ್ಯಾಕೆಟ್ ಮೇಲೆ ಇದರ ಬಗ್ಗೆ ಒಂದಕ್ಷರ ಇಲ್ಲ. ಬೀಜ ಯಾವ ವರ್ಷದ್ದು ಅಂತಲೂ ಇಲ್ಲ.

ಮೊದಲ ವರ್ಷ ಬೇಜಾರಾಗುತ್ತದೆ. ಗೇಣುದ್ದದ ಗಿಡ, ಮೇಲೆಲ್ಲ ಕಳೆ. ಎರಡನೇ ವರ್ಷ ಪೊದೆ ಹರಡಿಕೊಂಡಿತು. ಒಂದು ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿದೆ, ಒಳಗೆ ತಿಳಿಗೆಂಪು. ಗಂಟು ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ಆದರೆ ಅದು ಪಕ್ಕದ ಹುಲ್ಲಿಗೆ ಸಿಗುವುದು ಉದುರಿದ ಎಲೆ, ಕೊಳೆತ ಬೇರು, ಸಗಣಿ, ಗಂಜಲದ ಮೂಲಕ. ನಿಧಾನ.

ಮೇಯುವ ರೀತಿ ನೋಡಬೇಕು. ಮಳೆಗಾಲದಲ್ಲಿ ಕರುಗಳು ಹುಲ್ಲನ್ನೇ ಹುಡುಕಿ ತಿಂದು ಸ್ಟೈಲೋವನ್ನು ಮೂಸಿ ಬಿಡುತ್ತವೆ. ಹುಲ್ಲು ಒಣಗಿದ ಮೇಲೆ ಅದಕ್ಕೇ ಮುಗಿಬೀಳುತ್ತವೆ. ಹಾಗಾಗಿ ಬೇಸಿಗೆಗೆ ತಾನಾಗಿ ಮೇವು ಉಳಿಯುತ್ತದೆ. ಕುದುರೆ ಮೆಂತೆ ಜಾಸ್ತಿ ತಿಂದರೆ ಬರುವ ಹೊಟ್ಟೆ ಉಬ್ಬರದ ಕಾಟ ಇದರಲ್ಲಿ ಕಾಣಲಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಾಂಸದ ದನ ಸಾಕುವವರು ಇದೇ ಹಮಾಟಾವನ್ನು ವೆರಾನೋ ಹೆಸರಿನಲ್ಲಿ ಬಿತ್ತುತ್ತಾರೆ. ಅಲ್ಲಿ ಮೊದಲಿದ್ದ ಟೌನ್ಸ್‌ವಿಲ್ ಸ್ಟೈಲೋ 1970ರ ದಶಕದಲ್ಲಿ ಚಿಬ್ಬು ರೋಗಕ್ಕೆ ನೆಲಕಚ್ಚಿತ್ತು. ಎಲೆ ಮೇಲೆ ಕಪ್ಪು ಚುಕ್ಕೆ ಕಂಡರೆ ಗಮನ ಇರಲಿ.

ನೀರು ನಿಲ್ಲುವ ಎರೆ ಹೊಲದವರು ಇದನ್ನು ಕೊಳ್ಳಬೇಡಿ. ಗೊಬ್ಬರದ ಖರ್ಚು ಪೂರ್ತಿ ಉಳಿಯುತ್ತದೆ ಅಂತಲೂ ಅಲ್ಲ, ರಂಜಕಕ್ಕೆ ಸೂಪರ್ ಫಾಸ್ಫೇಟ್ ಬೇಕೇ ಬೇಕು. ಸ್ಟೈಲೋ ಇರುವಲ್ಲಿ ಸುಮ್ನೆ ಯೂರಿಯಾನೂ ಎರಚಿದರೆ ಹುಲ್ಲು ಮೇಲೆದ್ದು ಇದನ್ನೇ ಮುಚ್ಚಿಹಾಕುತ್ತದೆ. ಇನ್ನು, ಬೀಜ ಉದುರುವ ಮುಂಚೆ ಕುರಿ ಬಿಟ್ಟು ಬೋಳು ಮಾಡಿಸಬೇಡಿ. ಮುಂದಿನ ವರ್ಷಕ್ಕೆ ಬಿತ್ತನೆ ಅದೇ.