ಓವನ್‌ನಲ್ಲಿ ಖಾರದ ಫ್ರೈಸ್: ನೆನೆಸೋದಾ, ಹಿಟ್ಟು ಹಚ್ಚೋದಾ, ಕುದಿಸೋದಾ?

ಓವನ್ ಫ್ರೈಸ್ ಅಂದರೆ ಮೂಗು ಮುರಿಯುವವರ ಸಾಲಿನಲ್ಲಿ ನಾನೂ ಇದ್ದೆ. ಮೇಲೆ ಅಲ್ಲಲ್ಲಿ ಕಂದು, ಒಳಗೆ ಹಸಿಹಸಿ, ತಟ್ಟೆಗೆ ಹಾಕಿದ ಎರಡೇ ನಿಮಿಷಕ್ಕೆ ಜೋತುಬೀಳುವ ಕಡ್ಡಿಗಳು. ಖಾರ ಹಾಕಿದರಂತೂ ಮನೆಯೆಲ್ಲ ಸೀದ ಘಾಟು. ತಪ್ಪು ಓವನ್‌ದಾ ನನ್ನದಾ ನೋಡಿಯೇ ಬಿಡೋಣ ಅಂತ ಒಂದೂವರೆ ಕಿಲೋ ಆಲೂಗಡ್ಡೆ ತಂದು ಮೂರು ಪಾಲು ಮಾಡಿದೆ. ಮೂರಕ್ಕೆ ಮೂರು ವಿಧಾನ.

ಉಳಿದದ್ದೆಲ್ಲ ಒಂದೇ ಇರಲಿ ಅಂತ ಸ್ವಲ್ಪ ಹಠ ಹಿಡಿದೆ. ಎಲ್ಲವೂ ಒಂದು ಸೆಂಟಿಮೀಟರ್ ದಪ್ಪ. 500 ಗ್ರಾಂಗೆ ಎರಡು ದೊಡ್ಡ ಚಮಚ ಎಣ್ಣೆ. ಓವನ್ 220 ಡಿಗ್ರಿ ಸೆಲ್ಸಿಯಸ್, ಫ್ಯಾನ್ ಇಲ್ಲದೆ. ಟ್ರೇಯನ್ನೂ ಒಳಗೇ ಇಟ್ಟು ಕಾಯಿಸಿದ್ದೆ. ಮೊದಲ ಸುತ್ತಿನಲ್ಲಿ ಖಾರ ಇಲ್ಲ, ಬೆಂದ ಮೇಲೆ ಬರೀ ಉಪ್ಪು.

ಮೊದಲು ನೆನೆಸಿದ್ದು. ಹೆಚ್ಚಿದ ಕಡ್ಡಿಗಳನ್ನು ಅರ್ಧ ಗಂಟೆ ತಣ್ಣೀರಲ್ಲಿ ಬಿಟ್ಟೆ. ನೀರು ಹಾಲಿನಂತೆ ಮಬ್ಬಾಯಿತು. ನಿಧಾನಕ್ಕೆ ಬಗ್ಗಿಸಿದರೆ ತಳದಲ್ಲಿ ಬೆಳ್ಳಗೆ ಒಂದು ಪದರ, ಬೆರಳಲ್ಲಿ ಒತ್ತಿದರೆ ಗಟ್ಟಿ, ಎತ್ತಿದರೆ ಜಾರಿ ಹರಿಯುತ್ತದೆ. ಅದೇ ಪಿಷ್ಟ. ಅದು ಕಡ್ಡಿಯ ಮೇಲೇ ಉಳಿದರೆ ಒಂದಕ್ಕೊಂದು ಅಂಟಿಕೊಂಡು, ಒಳಗೆ ಬೇಯುವ ಮೊದಲೇ ಮೇಲೆ ಕಂದಾಗುತ್ತದೆ. ಈ ವಿಧಾನದ ಕಷ್ಟ ಒರೆಸುವುದರಲ್ಲಿದೆ. ಒಂದು ಟವೆಲ್ ಸಾಲಲಿಲ್ಲ, ಎರಡು ಬೇಕಾಯಿತು. ತೇವ ಉಳಿದರೆ ಅದು ಆವಿಯಾಗಿ ಹೋಗುವ ತನಕ ಕಡ್ಡಿ ಹುರಿಯುವುದಿಲ್ಲ, ಬೇಯುತ್ತದೆ ಅಷ್ಟೇ. 35 ನಿಮಿಷಕ್ಕೆ ಬಣ್ಣ ಚೆನ್ನಾಗಿ ಬಂತು, ತುದಿಗಳು ಗರಿಗರಿ. ನಡುಭಾಗ ಮಾತ್ರ ಯಾಕೋ ಮನಸ್ಸಿಲ್ಲದ ಹಾಗೆ ಮೆತ್ತಗೆ.

ಎರಡನೆಯದು ಕಾರ್ನ್‌ಫ್ಲೋರ್. ಸುಮ್ನೆ ತೊಳೆದು, ಒರೆಸಿ, ಒಂದು ದೊಡ್ಡ ಚಮಚ ಹಿಟ್ಟು ಉದುರಿಸಿ, ಆಮೇಲೆ ಎಣ್ಣೆ. ಈ ಕ್ರಮ ತಪ್ಪಬಾರದು. ಎಣ್ಣೆ ಮೊದಲು ಹಾಕಿ ನೋಡಿದೆ, ಹಿಟ್ಟು ಅಲ್ಲಲ್ಲಿ ಗಂಟುಕಟ್ಟಿ ಬಿಳಿ ಮಚ್ಚೆಯಂತೆ ಕೂತಿತು. ಸರಿಯಾಗಿ ಹಚ್ಚಿದರೆ ಮೇಲೆ ತೆಳ್ಳಗೆ ಚಿಪ್ಪು ಬರುತ್ತದೆ, ಕಚ್ಚಿದರೆ ಸದ್ದು ಕೇಳಿಸುತ್ತದೆ. ಹಿಟ್ಟು ಜಾಸ್ತಿಯಾದರೆ ನಾಲಿಗೆಗೆ ಪುಡಿಪುಡಿ ಸಿಗುತ್ತದೆ, ಆಲೂಗಡ್ಡೆಯ ರುಚಿ ಹಿಂದೆ ಸರಿಯುತ್ತದೆ.

ಮೂರನೆಯದಕ್ಕೆ ತಾಳ್ಮೆ ಬೇಕು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್, ಉಪ್ಪು. ಕಡ್ಡಿಗಳನ್ನು ಹಾಕಿ ಹತ್ತು ನಿಮಿಷ ಕುದಿಸಿದೆ. ವಿನೆಗರ್ ಯಾಕೆ? ಆಲೂಗಡ್ಡೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿ ನೀರಿನಲ್ಲಿ ಬೇಗ ಕರಗುವುದಿಲ್ಲ. ಹಾಗಾಗಿ ಒಳಗೆ ಬೆಂದರೂ ಕಡ್ಡಿ ಮುರಿಯುವುದಿಲ್ಲ. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ, ಪೆಕ್ಟಿನ್ನನ್ನು ಬೇಗ ಕರಗಿಸುತ್ತದೆ. ದೊಡ್ಡ ತುಂಡುಗಳಿಗೆ ಅದು ಒಳ್ಳೆಯದೇ, ಮೇಲ್ಮೈ ತರಿತರಿಯಾಗಿ ಚೆನ್ನಾಗಿ ಹುರಿಯುತ್ತದೆ. ಅದೇ ಆಸೆಗೆ ಒಂದು ಹಿಡಿ ಕಡ್ಡಿಗೆ ಸೋಡಾ ಹಾಕಿದೆ. ಜಾಲರಿಗೆ ಸುರಿದಾಗ ಬಂದದ್ದು ಮುದ್ದೆ.

ಕುದಿಸಿದ್ದನ್ನು ಬಸಿದು ಹತ್ತು ನಿಮಿಷ ಹರಡಿ ಬಿಟ್ಟೆ. ಬಿಸಿಗೆ ನೀರೆಲ್ಲ ಆವಿಯಾಗಿ ಹೋಗಿ ಮೇಲ್ಮೈ ಸುಣ್ಣ ಬಳಿದ ಹಾಗೆ ಒಣಗಿತು. ಆ ಒಣಕಲು ಬಂದರೆ ಅರ್ಧ ಗೆದ್ದಂತೆ. ಎಣ್ಣೆ ಹಚ್ಚಿ, ನಡುವೆ ಒಮ್ಮೆ ತಿರುವಿ ಹಾಕಿ, 30 ನಿಮಿಷ. ಹೊರಗೆ ನಿಜವಾದ ಗರಿ, ಒಳಗೆ ಬೆಣ್ಣೆಯಂತೆ ಹಿಟ್ಟುಹಿಟ್ಟು. ಮೂರನ್ನೂ ಹತ್ತು ನಿಮಿಷ ಆರಲು ಬಿಟ್ಟು ಮತ್ತೆ ತಿಂದೆ. ನೆನೆಸಿದ್ದು ಆಗಲೇ ಬಾಗಿತ್ತು. ಕಾರ್ನ್‌ಫ್ಲೋರ್ ಗಟ್ಟಿಯಾಗೇ ಇತ್ತು, ಆದರೆ ಚಿಪ್ಪು ಬೇರೆ ಆಲೂಗಡ್ಡೆ ಬೇರೆ ಅನ್ನಿಸಿತು. ಕುದಿಸಿದ್ದರಲ್ಲಿ ಎರಡೂ ಒಂದೇ ಪದಾರ್ಥ. ನನ್ನ ಓಟು ಅದಕ್ಕೆ.

ಇಷ್ಟಾದರೂ ಖಾರದ್ದೇ ದೊಡ್ಡ ಜಗಳ. ಅದಕ್ಕೆ ಇನ್ನೊಂದು ಸಂಜೆ ಹಿಡಿಯಿತು.

ಎಣ್ಣೆಯ ಜೊತೆಗೇ ಖಾರದ ಪುಡಿ, ಬೆಳ್ಳುಳ್ಳಿ ಪುಡಿ ಕಲಸಿ ಓವನ್‌ಗೆ ಇಡುವುದು ನನ್ನ ಹಳೇ ಪದ್ಧತಿ. 15 ನಿಮಿಷಕ್ಕೆ ಬಾಗಿಲು ತೆಗೆದೆ, ಕೆಮ್ಮು ಹತ್ತಿಕೊಂಡಿತು. 220 ಡಿಗ್ರಿಯಲ್ಲಿ ಅರ್ಧ ಗಂಟೆ ಅಂದರೆ ಪುಡಿಗೆ ತುಂಬಾ ಜಾಸ್ತಿ ಆಯಿತು, ಅಲ್ವಾ? ಕೆಂಪು ಹೋಗಿ ಇಟ್ಟಿಗೆ ಪುಡಿಯ ಬಣ್ಣ, ಬೆಳ್ಳುಳ್ಳಿ ಕಹಿ. ಹಾಗಾದರೆ ಬೆಂದ ಮೇಲೆ ಉದುರಿಸೋಣ ಅಂದರೆ ಬಣ್ಣ ಏನೋ ಬೆಂಕಿಯಂತಿತ್ತು, ರುಚಿ ಹಸಿ. ಅರ್ಧ ಪುಡಿ ತಟ್ಟೆಯ ತಳದಲ್ಲಿ. ಒಂದು ಕಡ್ಡಿ ಸಪ್ಪೆ, ಇನ್ನೊಂದು ಗಂಟಲಿಗೇ ಇರಿಯುತ್ತದೆ.

ಕೊನೆಗೆ ನಡುದಾರಿ ಹಿಡಿದೆ. ಒಂದು ದೊಡ್ಡ ಚಮಚ ಎಣ್ಣೆಯನ್ನು ಬೆಚ್ಚಗೆ ಮಾಡಿ, ಅದರಲ್ಲಿ ಒಂದು ಸಣ್ಣ ಚಮಚ ಖಾರದ ಪುಡಿ, ಅರ್ಧ ಚಮಚ ಬೆಳ್ಳುಳ್ಳಿ ಪುಡಿ ಕಲಸಿಟ್ಟೆ. ಇದಕ್ಕಾಗಿ ಮೊದಲ ಎರಡು ಚಮಚದಲ್ಲೇ ಒಂದನ್ನು ಉಳಿಸಿಕೊಂಡಿದ್ದೆ. ಫ್ರೈಸ್ ಆಗಲು ಐದು ನಿಮಿಷ ಇರುವಾಗ ಟ್ರೇ ಹೊರಗೆ ತೆಗೆದು, ಈ ಕೆಂಪೆಣ್ಣೆ ಸುರಿದು, ಹೊರಳಾಡಿಸಿ, ಮತ್ತೆ ಒಳಗಿಟ್ಟೆ. ಮೆಣಸಿನಕಾಯಿಯ ಖಾರ ನೀರಲ್ಲಿ ಕರಗುವುದು ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಪ್ರತಿ ಕಡ್ಡಿಗೂ ಒಂದೇ ಸಮ ಹತ್ತಿತು. ಹಸಿ ವಾಸನೆ ಹೋಯಿತು, ಸೀಯಲಿಲ್ಲ. ಕಾಳುಮೆಣಸಿನ ಪುಡಿ ಮಾತ್ರ ಹೊರಗೆ ತೆಗೆದ ಮೇಲೆ, ಇಲ್ಲದಿದ್ದರೆ ಅದರ ಪರಿಮಳ ಉಳಿಯುವುದಿಲ್ಲ.

ಮಧ್ಯೆ ಕೆಟ್ಟಿದ್ದನ್ನೂ ಹೇಳಬೇಕಲ್ಲ. ಒಮ್ಮೆ ಫ್ರಿಜ್‌ನಲ್ಲಿ ವಾರವಿದ್ದ ಆಲೂಗಡ್ಡೆ ಬಳಸಿದೆ. 20 ನಿಮಿಷಕ್ಕೇ ಕರಕಲು ಬಣ್ಣ, ತಿಂದರೆ ಸಿಹಿ. ತಣ್ಣಗಿಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಇನ್ನೊಮ್ಮೆ ಅವಸರಕ್ಕೆ ಒಂದು ಕಿಲೋವನ್ನು ಒಂದೇ ಟ್ರೇಗೆ ತುಂಬಿದೆ, ಎಲ್ಲವೂ ಒಂದರ ಆವಿಯಲ್ಲಿ ಇನ್ನೊಂದು ಬೆಂದು ಕೂತವು. ಫಾಯಿಲ್ ಮೇಲೆ ಇಟ್ಟಿದ್ದಂತೂ ಫಾಯಿಲ್ ಸಮೇತ ತಿನ್ನಬೇಕಾಗುತ್ತಿತ್ತು.

ಈಗ ಪುರುಸೊತ್ತಿದ್ದ ದಿನ ಕುದಿಸುತ್ತೇನೆ, ಹಸಿದು ಬಂದ ದಿನ ಕಾರ್ನ್‌ಫ್ಲೋರ್. ಎರಡಕ್ಕೂ ಕೆಂಪೆಣ್ಣೆ ಕೊನೆಗೇ. ಮೊನ್ನೆ ಕುದಿಸಿ ಆರಿಸಿದ ಒಂದು ಪಾಲನ್ನು ಟ್ರೇಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರ್‌ಗೆ ಇಟ್ಟಿದ್ದೇನೆ. ಅದನ್ನು ಕರಗಿಸದೆ ನೇರ ಓವನ್‌ಗೆ ಹಾಕಿ ನೋಡಬೇಕು.